ಗಡಾಯಿಕಲ್ಲಿನ ಮದ್ದು

ಅಮರಕೋಶದ ಎರಡನೆಯ ಕಾಂಡವನ್ನು ಬಾಯಿಪಾಠ ಮಾಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಅಲ್ಲಿ ಭೂಮಿಯ ಹೆಸರುಗಳನ್ನೂ ಪುರದ ಹೆಸರುಗಳನ್ನೂ ಹೇಳಿ ಮುಗಿಸಿದ ಮೇಲೆ ಅಮರಸಿಂಹನು ಶೈಲವರ್ಗವನ್ನು ಹೇಳುತ್ತಾನೆ. ಶೈಲವರ್ಗದ ಬೆನ್ನಿಗೇ ವನೌಷಧಿವರ್ಗವು ಬರುತ್ತದೆ. ಬೆಟ್ಟವಾದ ಮೇಲೆ ಮದ್ದು. ಇದು ನಿಘಂಟುಕಾರನು ತನ್ನ ಅನುಕೂಲಕ್ಕಾಗಿ ಹಿಡಿದ ಕ್ರಮವೇ ಹೊರತು ಇದರಲ್ಲಿ ಗೂಢಾರ್ಥವೇನೂ ಇಲ್ಲವೆಂದು ಬಲ್ಲವರು ಹೇಳಬಹುದು. ಇರಲಿ. ಬೆಳ್ತಂಗಡಿಯಂತಹ ಊರಿನಲ್ಲಿ ವಾಸಮಾಡುವವನಿಗಂತೂ ಈ ಕ್ರಮವು ಬಹಳ ಸಹಜವಾಗಿ ತೋರುತ್ತದೆ.

ಅದೇ ಶೈಲವರ್ಗದಲ್ಲಿ ಉಪತ್ಯಕಾ, ಅಧಿತ್ಯಕಾ ಎಂಬ ಎರಡು ಚೆಲುವಾದ ಶಬ್ದಗಳಿವೆ. ಬೆಟ್ಟದ ಬುಡಕ್ಕೆ ತಾಗಿಕೊಂಡಿರುವ ನೆಲವು ಉಪತ್ಯಕೆ. ಮೇಲಣ ನೆಲವು ಅಧಿತ್ಯಕೆ. ನಮ್ಮ ತಾಲೂಕು ಉಪತ್ಯಕೆಗೆ ಒಳ್ಳೆಯ ಉದಾಹರಣೆ. ಪೂರ್ವಕ್ಕೆ ಮುಖಮಾಡಿ ನಿಂತರೆ ಎಡಗಡೆಯ ಕುದುರೆಮುಖದಿಂದ ಬಲಗಡೆಯ ಚಾರ್ಮಾಡಿಯ ತನಕ ಘಟ್ಟದ ಸಾಲು ಗೋಡೆಯನ್ನು ಎಬ್ಬಿಸಿದಂತೆ ಕಾಣುವುದು. ಕುದುರೆಮುಖದ ಶಿಖರವು ಸಮುದ್ರಮಟ್ಟದಿಂದ ಸುಮಾರು ೧,೮೯೦ ಮೀಟರು, ಎಂದರೆ ಹಳೆಯ ಲೆಕ್ಕದಲ್ಲಿ ೬,೨೦೦ ಅಡಿಗಳಷ್ಟು ಎತ್ತರವಾಗಿದೆ. ಅರಬ್ಬೀ ಸಮುದ್ರದಿಂದ ಎದ್ದುಬರುವ ಮೋಡಗಳು ಈ ಗೋಡೆಗೆ ತಾಗಿ ಇಲ್ಲಿಯೇ ಸುರಿದುಬಿಡುವುದರಿಂದ ವರ್ಷಕ್ಕೆ ೪,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಆ ನೀರೇ ನೇತ್ರಾವತಿಯಾಗಿ ಧರ್ಮಸ್ಥಳವನ್ನೂ ಬಂಟ್ವಾಳವನ್ನೂ ಹಾದು ಮಂಗಳೂರಿನವರ ಬಾಯಾರಿಕೆಯನ್ನು ತೀರಿಸಿ ಸಮುದ್ರವನ್ನು ಸೇರುವುದು.

ಹೀಗೆ ಹಗಲಿರುಳು ಬೆಟ್ಟದ ನೆರಳಿನಲ್ಲಿದ್ದರೂ ನಮ್ಮ ಜನರು ಬೆಟ್ಟವನ್ನು ನೋಡುವುದು ಹೆಚ್ಚು, ಏರುವುದು ಕಡಿಮೆ. ಗದ್ದೆ, ತೋಟ, ದನಕರುಗಳ ಕೆಲಸವುಳ್ಳವರಿಗೆ ಪುರಸೊತ್ತಾದರೂ ಎಲ್ಲಿಯದು? ಬೆಟ್ಟವೇ ಮನೆಯಾಗಿರುವ ಮಲೆಕುಡಿಯ ಜನರ ಮಾತು ಬೇರೆ. ಉಳಿದವರು ಏರುವುದಾದರೆ ಒಂದು ಹರಕೆಯಿರಬೇಕು, ಇಲ್ಲವೆ ಒಂದು ಪರ್ವದಿನವಿರಬೇಕು. ಮಹಾಶಿವರಾತ್ರಿಯ ಮುಂಚಿನ ದಿನಗಳಲ್ಲಿ ಬೆಂಗಳೂರು, ಹಾಸನ, ತುಮಕೂರಿನ ಕಡೆಯಿಂದ ಸಹಸ್ರಾರು ಜನರು ಕಾಲ್ನಡಿಗೆಯಲ್ಲಿ ಹೊರಟು ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳಕ್ಕೆ ಬರುವುದನ್ನು ನಾವು ಪ್ರತಿವರ್ಷವೂ ನೋಡುತ್ತೇವೆ. ಕಾಲಿಗೆ ಬೊಕ್ಕೆಯೆದ್ದು ಬಟ್ಟೆ ಸುತ್ತಿಕೊಂಡ ಮುದುಕಿಯರೂ ಆ ಗುಂಪಿನಲ್ಲಿರುತ್ತಾರೆ. ಅವರ ಮುಖದಲ್ಲಿ ಆಯಾಸವಿರುತ್ತದೆ. ಆದರೆ ರೋಗಿಯ ಮುಖದಲ್ಲಿರುವ ಆ ಒಂದು ಬಗೆಯ ಮಂಕು ಇರುವುದಿಲ್ಲ. ಇದನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ.

ಇನ್ನೊಂದು ಪರ್ವ ಆಟಿ ಅಮಾವಾಸ್ಯೆ. ಬಂಟ್ವಾಳ ತಾಲೂಕಿನ ಕಾರಿಂಜ ಬೆಟ್ಟದಲ್ಲಿಯೂ ನರಹರಿ ಪರ್ವತದಲ್ಲಿಯೂ ಆ ದಿನ ತೀರ್ಥಸ್ನಾನಕ್ಕೆ ಜನ ಸೇರುವರು. ನರಹರಿಯ ಬಂಡೆಯ ಮೇಲೆ ಶಂಖ, ಚಕ್ರ, ಗದಾ, ಪದ್ಮ ಎಂಬ ಹೆಸರಿನ ನಾಲ್ಕು ತೀರ್ಥಗಳಿವೆ. ಮಳೆಗಾಲದ ನಡುವೆ, ಮೆಟ್ಟಿಲುಗಳು ಜಾರುತ್ತಿರುವಾಗ, ನೂತನ ದಂಪತಿಗಳು ಕೈಹಿಡಿದುಕೊಂಡು ಏರುವುದು ನೋಡುವುದಕ್ಕೆ ಚೆನ್ನ. ಅದೇ ದಿನ ಮನೆಮನೆಗಳಲ್ಲಿ ಹಾಲೆಮರದ ಕೆತ್ತೆಯ ಕಷಾಯ. ತುಳುವಿನಲ್ಲಿ ಇದು ಪಾಲೆ. ಅಮರಸಿಂಹನ ವನೌಷಧಿವರ್ಗದಲ್ಲಿ ಸಪ್ತಪರ್ಣ, ವಿಶಾಲತ್ವಕ್ ಎಂದು ಹೇಳಿದ ಮರವೇ ಇದು. ಸೂರ್ಯೋದಯಕ್ಕೆ ಮೊದಲು, ಕಬ್ಬಿಣವನ್ನು ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆಯನ್ನು ತೆಗೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ಹಿಂಡಿದ ರಸಕ್ಕೆ ಕಾಯಿಸಿದ ಬೆಣಚುಕಲ್ಲನ್ನು ಹಾಕಿ ಬಿಸಿಮಾಡುವರು. ಅದರ ಕಹಿಯನ್ನು ಮಾತಿನಲ್ಲಿ ಹೇಳುವಂತಿಲ್ಲ. ಕುಡಿದ ಮೇಲೆ ಹೊಟ್ಟೆಗೆ ತಂಪಾಗಲೆಂದು ಮೆಂತೆ ಗಂಜಿ. ಮರವನ್ನು ಸರಿಯಾಗಿ ಬಲ್ಲವರ ಕೈಯಿಂದಲೇ ಕೆತ್ತೆ ತರಿಸಬೇಕೆಂದು ಇಲ್ಲಿ ಹೇಳಿಬಿಡುವುದು ಲೇಸು. ಕತ್ತಲಲ್ಲಿ ಹಾಲೆಯೆಂದು ಕಾಸರ್ಕದ ತೊಗಟೆಯನ್ನು ತಂದರೆ ಅದು ವಿಷ.

ನಮ್ಮ ಮನೆಯಲ್ಲಿ ಈ ಕಷಾಯದ ಕೆಲಸವೆಲ್ಲ ನನ್ನ ಮನೆಯವಳದು. ಮೂವತ್ತನಾಲ್ಕು ಆಟಿ ಅಮಾವಾಸ್ಯೆಗಳಲ್ಲಿ ಅವಳು ನನ್ನನ್ನು ಎಬ್ಬಿಸಿ, ಮುಖ ತೊಳೆಯುವುದಕ್ಕೂ ಬಿಡದೆ, ಆ ಲೋಟವನ್ನು ಕೈಗೆ ಕೊಟ್ಟವಳು. ನಾನು ಶಾಲೆಯಿಂದ ನಿವೃತ್ತನಾದ ವರ್ಷವೇ ಅವಳು ತೀರಿಕೊಂಡಳು. ಮುಂದಿನ ಆಟಿ ಅಮಾವಾಸ್ಯೆಯ ದಿನ ಬೆಳಗಾಯಿತು, ಬಿಸಿಲೂ ಬಂದಿತು, ಯಾರೂ ಎಬ್ಬಿಸಲಿಲ್ಲ. ನೆರೆಮನೆಯ ಅಕ್ಕ ಒಂದು ಲೋಟ ಕಷಾಯವನ್ನು ಮುಚ್ಚಿ ತಂದು ಜಗಲಿಯಲ್ಲಿಟ್ಟು ಏನೂ ಹೇಳದೆ ಹೋದರು.

ಆ ಕಾಲದ ನನ್ನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ರಾತ್ರಿ ಎರಡು ಗಂಟೆಯ ಮೇಲೆ ನಿದ್ರೆಯಿಲ್ಲ. ಅನ್ನದಲ್ಲಿ ರುಚಿಯಿಲ್ಲ. ಓದೋಣವೆಂದು ಪುಸ್ತಕ ತೆರೆದರೆ ಒಂದೇ ಪುಟದಲ್ಲಿ ಅರ್ಧ ದಿನ. ರಕ್ತದಲ್ಲಿ ಸಕ್ಕರೆಯಂಶ ಏರಿತು. ಮಾರ್ಗದಿಂದ ಮನೆಯಂಗಳಕ್ಕೆ ಬರುವ ಸಣ್ಣ ಏರಿನಲ್ಲಿಯೇ ಏದುಸಿರು ಬರುತ್ತಿತ್ತು. ಊರಿನ ವೈದ್ಯರು ಹೃದಯವನ್ನು ಪರೀಕ್ಷಿಸಿ, ಅಲ್ಲಿ ಕೇಡೇನೂ ಇಲ್ಲವೆಂದು ನಿಶ್ಚಯಿಸಿಕೊಂಡು, ಗುಳಿಗೆಗಳನ್ನು ಬರೆದುಕೊಟ್ಟರು. ಅದರ ಕೆಳಗೆ "ದಿನವೂ ನಡಿಗೆ" ಎಂದು ಗೆರೆಯೆಳೆದು ಬರೆದರು. ಗುಳಿಗೆಗಳನ್ನು ನುಂಗಿದೆನು. ನಡೆಯಲು ಹೊರಟರೆ ಪೇಟೆಯಲ್ಲಿ ಹತ್ತು ಮಂದಿ ನಿಲ್ಲಿಸಿ ಸಮಾಧಾನ ಹೇಳುವರು. ಸಮಾಧಾನವನ್ನು ಕೇಳಿ ಕೇಳಿ ಮನುಷ್ಯನು ಎಷ್ಟು ದಣಿಯುತ್ತಾನೆಂಬುದು ಅದನ್ನು ಹೇಳುವವರಿಗೆ ತಿಳಿಯುವುದಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಮಲೆಕುಡಿಯರ ಮನೆಯ ಹುಡುಗ; ದಿನಕ್ಕೆ ಎರಡು ಗಂಟೆ ಕಾಡುದಾರಿಯಲ್ಲಿ ನಡೆದು ಶಾಲೆಗೆ ಬರುತ್ತಿದ್ದವನು. ಈಗ ಅವನಿಗೆ ಮಕ್ಕಳು ದೊಡ್ಡವರಾಗಿದ್ದಾರೆ. ಅವನು ಒಂದು ದಿನ ಬಂದು ಜಗಲಿಯಲ್ಲಿ ಕುಳಿತು, ಸಮಾಧಾನದ ಒಂದು ಮಾತನ್ನೂ ಆಡದೆ, "ಮಾಷ್ಟ್ರೇ, ನಾಳೆ ಬೆಳಿಗ್ಗೆ ಗಡಾಯಿಕಲ್ಲಿಗೆ ಹೋಗುವಾ. ಒಂದು ಬಾಟ್ಲಿ ನೀರು ಹಿಡ್ಕೊಳ್ಳಿ" ಎಂದನು. ಮಳೆ ಹಿಂದಾಗಿ ಕಾರ್ತಿಕ ಕಳೆದ ಸಮಯ.

ಗಡಾಯಿಕಲ್ಲನ್ನು ನೋಡದವರಿಗೆ ಅದರ ರೂಪವನ್ನು ಹೇಳಬೇಕಾಗಿದೆ. ಬೆಳ್ತಂಗಡಿಯಿಂದ ಎಂಟು ಕಿಲೋಮೀಟರು ದೂರದಲ್ಲಿ, ನಡ ಗ್ರಾಮದಲ್ಲಿ, ಘಟ್ಟದ ಸಾಲಿನಿಂದ ಬೇರ್ಪಟ್ಟು ಒಂಟಿಯಾಗಿ ಎದ್ದುನಿಂತಿರುವ ಒಂದೇ ಬಂಡೆ ಅದು. ಸಮುದ್ರಮಟ್ಟದಿಂದ ಸುಮಾರು ೧,೭೦೦ ಅಡಿ ಎತ್ತರ. ಬೆಟ್ಟಕ್ಕೆ ಅಮರಸಿಂಹನು ಕೊಟ್ಟ ಹದಿಮೂರು ಹೆಸರುಗಳಲ್ಲಿ ಶಿಲೋಚ್ಚಯ ಎಂಬುದು ಇದಕ್ಕೇ ಹೇಳಿಮಾಡಿಸಿದಂತಿದೆ. ಇದರ ಹಳೆಯ ಹೆಸರು ನರಸಿಂಹಗಡ. ಟಿಪ್ಪುಸುಲ್ತಾನನು ೧೭೯೪ರಲ್ಲಿ ಇಲ್ಲಿ ಹೊಸ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಕರೆದನು. ಏರುವುದಕ್ಕೆ ಇರುವುದು ಒಂದೇ ಇಕ್ಕಟ್ಟಾದ ದಾರಿ. ಆ ದಾರಿಯನ್ನು ಕಾಯಲು ನಾಲ್ಕು ಜನ ಗಟ್ಟಿಗರು ಸಾಕು. ಅಂತಹ ಕೋಟೆಯೂ ೧೭೯೯ರಲ್ಲಿ, ಶ್ರೀರಂಗಪಟ್ಟಣ ಬಿದ್ದ ವರ್ಷವೇ, ಆಂಗ್ಲರ ಕೈಸೇರಿತು. ಈಗ ಮೇಲೆ ಉಳಿದಿರುವುದು ಮುರಿದ ಗೋಡೆಗಳು, ಮಳೆನೀರು ನಿಲ್ಲುವ ಒಂದು ಕೆರೆ, ಗಾಳಿ. ಈ ಗುಡ್ಡವು ೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆಡಳಿತಕ್ಕೆ ಸೇರಿದುದರಿಂದ ಬುಡದಲ್ಲಿ ಅರಣ್ಯ ಇಲಾಖೆಯವರಿಗೆ ಹಣ ತೆತ್ತು, ಹೆಸರು ಬರೆಸಿ ಏರಬೇಕು.

ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು ೧,೮೭೬ ಎಂದು ಪ್ರಸಿದ್ಧಿ. ನಾನು ಎಣಿಸಿದಾಗಲೆಲ್ಲ ಬೇರೆಬೇರೆ ಸಂಖ್ಯೆಯೇ ಬಂದಿದೆ. ಸವೆದುಹೋದುವನ್ನು ಮೆಟ್ಟಿಲೆನ್ನಬೇಕೋ ಬೇಡವೋ ಎಂಬಲ್ಲಿ ಲೆಕ್ಕ ತಪ್ಪುತ್ತದೆ. ಮೊದಲ ಭಾಗದಲ್ಲಿ ಮರಗಳ ನೆರಳಿದೆ. ಅನಂತರ ಬಂಡೆ ಬರಿದಾಗುತ್ತ, ದಾರಿ ಕಡಿದಾಗುತ್ತ ಹೋಗುವುದು.

ಹೊರಟ ಕೂಡಲೇ ನನ್ನ ಶಿಷ್ಯನು ಒಂದು ನಿಬಂಧನೆಯನ್ನು ಹಾಕಿದನು. "ಮಾಷ್ಟ್ರೇ, ಮಾತಾಡ್ತಾ ಹತ್ತುವಾ. ಮಾತು ನಿಂತ್ರೆ ಕಾಲೂ ನಿಲ್ಲಬೇಕು. ನಮ್ಮ ಅಜ್ಜ ಏಲಕ್ಕಿ ಹೊರೆ ಹೊತ್ತುಕೊಂಡು ಘಟ್ಟ ಹತ್ತುವಾಗಲೂ ಹೀಗೇ ಹೇಳ್ತಿದ್ರು."

ಈ ಮಾತನ್ನು ಕೇಳಿ ನನಗೆ ನಗೆಯೂ ಬಂದಿತು, ಆಶ್ಚರ್ಯವೂ ಆಯಿತು. ಏಕೆಂದರೆ ಸುಶ್ರುತಾಚಾರ್ಯನು ಹೇಳಿದುದೂ ಇದನ್ನೇ. ವ್ಯಾಯಾಮವನ್ನು ಬಲದ ಅರ್ಧದಷ್ಟೇ ಮಾಡಬೇಕು, ಮೀರಿ ಮಾಡಿದರೆ ಅದೇ ಕೊಲ್ಲುವುದು ಎಂಬುದು ಅವನ ಮತ. ಅರ್ಧಬಲವೆಂದು ತಿಳಿಯುವುದು ಹೇಗೆ? ಹೃದಯದಲ್ಲಿರುವ ವಾಯುವು ಬಾಯಿಯ ತನಕ ಬಂದರೆ, ಎಂದರೆ ಬಾಯಿಯಿಂದ ಉಸಿರಾಡುವಂತಾದರೆ, ಅದೇ ಬಲಾರ್ಧದ ಲಕ್ಷಣ. ಇಂದಿನ ವೈದ್ಯರೂ ಹೃದಯದ ಕಾಯಿಲೆಯವರಿಗೆ ನಡಿಗೆಯನ್ನು ವಿಧಿಸುವಾಗ ಮಾತನಾಡಲು ಸಾಧ್ಯವಾಗುವಷ್ಟು ವೇಗವಿರಲಿ ಎಂದೇ ಹೇಳುತ್ತಾರೆ. ಸುಶ್ರುತನನ್ನಾಗಲಿ ಇಂದಿನ ವೈದ್ಯಶಾಸ್ತ್ರವನ್ನಾಗಲಿ ಓದದ ಒಬ್ಬ ಅಜ್ಜನು ಏಲಕ್ಕಿಯ ಹೊರೆಯ ಕೆಳಗೆ ಅದೇ ಸೂತ್ರವನ್ನು ಕಂಡುಕೊಂಡಿದ್ದನು.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಒಂದು ತೊಡಕಿದೆ. ಬಾಲರೂ ವೃದ್ಧರೂ ಅಜೀರ್ಣವುಳ್ಳವರೂ ವ್ಯಾಯಾಮವನ್ನು ಬಿಡಬೇಕೆಂದು ಅವನು ಹೇಳುತ್ತಾನೆ. ಹಾಗಾದರೆ ಅರುವತ್ತರ ನನ್ನಂತಹವನ ಗತಿಯೇನು? ಆದರೆ ಅದೇ ವಾಗ್ಭಟನು ಇನ್ನೊಂದು ಕಡೆ ವಯೋವಿಭಾಗವನ್ನು ಹೇಳುತ್ತ ಎಪ್ಪತ್ತರ ತನಕ ಮಧ್ಯವಯಸ್ಸೆಂದಿದ್ದಾನೆ. ಸುಶ್ರುತನ ಮತವೂ ಅದೇ. ಆದುದರಿಂದ ಸರಕಾರವು ನನ್ನನ್ನು ವೃದ್ಧನೆಂದು ಮನೆಗೆ ಕಳುಹಿಸಿದ್ದರೂ ಶಾಸ್ತ್ರದ ಪ್ರಕಾರ ನನಗೆ ಇನ್ನೂ ಹತ್ತು ವರ್ಷ ಬೆಟ್ಟವೇರುವ ಅಧಿಕಾರವಿದೆ! ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಬಲ, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ ಎಂದು ಅವನು ಕೊಟ್ಟ ಋತುನಿಯಮವೂ ನಮ್ಮ ಊರಿಗೆ ಒಪ್ಪುತ್ತದೆ. ಮಳೆಗಾಲದಲ್ಲಿ ಗಡಾಯಿಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಬೆಳೆದು ಜಾರುವುದರಿಂದ ಅಲ್ಲಿ ಏರಲು ಬಿಡದಿರುವುದುಂಟು. ವೈಶಾಖದ ಬಿಸಿಲಿನಲ್ಲಿ ಬಂಡೆ ಕಾದ ಹೆಂಚಿನಂತಾಗುತ್ತದೆ. ಮಾರ್ಗಶಿರದಿಂದ ಮಾಘದವರೆಗೆ ಸೊಗಸು.

ಮಾತನಾಡುತ್ತ ಏರಬೇಕೆಂದಾಯಿತಷ್ಟೆ. ಏನನ್ನು ಮಾತನಾಡುವುದು? ಮೊದಲು ಶಾಲೆಯ ಸುದ್ದಿ ಬಂದಿತು. ಆಮೇಲೆ ಅಡಕೆಯ ಧಾರಣೆ, ಅಡಕೆಮರಕ್ಕೆ ತಗಲುವ ಎಲೆಚುಕ್ಕಿ ರೋಗ. ಮುನ್ನೂರು ಮೆಟ್ಟಿಲುಗಳಲ್ಲಿ ಲೋಕವಾರ್ತೆಯೆಲ್ಲ ಮುಗಿಯಿತು. ಸುಮ್ಮನಾದರೆ "ಮಾಷ್ಟ್ರೇ, ನಿಲ್ಲಬೇಕಾ?" ಎಂದು ಕೇಳುವನು. ನಿಲ್ಲಲು ಅಭಿಮಾನ ಬಿಡದು. ಹೀಗೆ ಬೇರೆ ಮಾತೇ ಇಲ್ಲದೆ, ನಾನು ಅದುವರೆಗೆ ಯಾರೊಡನೆಯೂ ಆಡದಿದ್ದ ಮಾತನ್ನು ಆಡತೊಡಗಿದೆನು. ಆಸ್ಪತ್ರೆಯಲ್ಲಿ ಕಳೆದ ಹದಿನೇಳು ದಿನಗಳು, ಅವಳು ಕೊನೆಗೆ ಕೇಳಿದ ಎಳನೀರು, ತೋಟದ ಪಂಪು ಕೆಟ್ಟಿದೆಯೆಂದು ಆ ಸ್ಥಿತಿಯಲ್ಲಿಯೂ ನೆನಪಿಸಿದುದು. ಅವನು ಮುಂದೆ, ನಾನು ಹಿಂದೆ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಎದುರುಬದುರಾಗಿ ಕುಳಿತು ಆಡಲಾಗದ ಮಾತು ಹೀಗೆ ಹಿಂದುಮುಂದಾಗಿ ಏರುವಾಗ ತಾನಾಗಿ ಬರುತ್ತದೆ. ಕಣ್ಣಲ್ಲಿ ನೀರು ಬಂದರೂ ಬೆವರೆಂದು ಒರೆಸಿಕೊಳ್ಳಬಹುದು.

ಆ ದಿನ ನಾವು ಅರ್ಧದಾರಿಯಿಂದಲೇ ಹಿಂದಿರುಗಿದೆವು. ಬಲಾರ್ಧವೆಂದರೆ ಅಷ್ಟೇ ತಾನೆ? ಬುಡದ ಹತ್ತಿರದ ಒಂದು ಮನೆಯಲ್ಲಿ ಬೆಲ್ಲದ ತುಂಡನ್ನೂ ತಂಬಿಗೆಯಲ್ಲಿ ನೀರನ್ನೂ ಕೊಟ್ಟರು. ಅಂದು ರಾತ್ರಿ ನಾನು ನಾಲ್ಕೂವರೆಯ ತನಕ ನಿದ್ರಿಸಿದೆನು. ಇದನ್ನು ಪವಾಡವೆಂದು ಹೇಳುತ್ತಿಲ್ಲ. ಒಂಬೈನೂರು ಮೆಟ್ಟಿಲು ಹತ್ತಿಳಿದವನಿಗೆ ನಿದ್ರೆ ಬಾರದಿದ್ದರೆ ಅದೇ ಪವಾಡ.

ಮುಂದಿನ ವಾರ ಮತ್ತೆ ಹೋದೆವು. ಅದರ ಮುಂದಿನ ವಾರವೂ. ಶಿಷ್ಯನಿಗೆ ಬಿಡುವಿಲ್ಲದ ದಿನ ನೆರೆಯ ಅಂಚೆಯಣ್ಣನನ್ನು ಜೊತೆಮಾಡಿಕೊಂಡೆನು. ತುದಿಯನ್ನು ಮುಟ್ಟಿದುದು ಆರನೆಯ ಸಲ. ಮಾತು ಬೇಡವೆನಿಸಿದಾಗ ಶೈಲವರ್ಗವನ್ನು ಹೇಳಿಕೊಳ್ಳುವೆನು. ಒಂದೊಂದು ಮೆಟ್ಟಿಲಿಗೆ ಒಂದೊಂದು ಪದ. ಅದೂ ಮಾತೇ ಎಂದು ಶಿಷ್ಯನು ಒಪ್ಪಿಕೊಂಡಿದ್ದಾನೆ. ಬೆಟ್ಟದ ಹೆಸರುಗಳಲ್ಲಿ ಅಚಲ ಎಂಬುದುಂಟು, ಅಹಾರ್ಯ ಎಂಬುದೂ ಉಂಟು. ಅಲುಗದುದು; ಎತ್ತಿಕೊಂಡು ಹೋಗಲಾಗದುದು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಶಬ್ದಗಳು ಕಾಲ ಕೆಳಗೆ ಕಲ್ಲಾಗಿ ಸಿಕ್ಕಿದುದು ಆಗಲೇ.

ಚರಕಸಂಹಿತೆಯಲ್ಲಿ ವ್ಯಾಯಾಮದ ಫಲಗಳನ್ನು ಎಣಿಸಿದ್ದಾರೆ. ಮೈ ಹಗುರವಾಗುವುದು, ಕೆಲಸಮಾಡುವ ಶಕ್ತಿ, ಸ್ಥೈರ್ಯ, ಜಠರಾಗ್ನಿಯ ವೃದ್ಧಿ ಇವುಗಳ ನಡುವೆ ದುಃಖಸಹಿಷ್ಣುತೆ ಎಂಬುದೊಂದು ಶಬ್ದವಿದೆ. ಕೆಲವು ಪಾಠಗಳಲ್ಲಿ ಕ್ಲೇಶಸಹಿಷ್ಣುತೆ ಎಂದಿದೆ. ದೇಹಕ್ಕೆ ಬರುವ ಶ್ರಮವನ್ನೂ ಚಳಿಬಿಸಿಲನ್ನೂ ತಾಳುವ ಶಕ್ತಿ ಎಂದು ಅದಕ್ಕೆ ಅರ್ಥಮಾಡುವುದು ವಾಡಿಕೆ. ಅದು ಸರಿಯಾದ ಅರ್ಥವೇ. ನನಗೆ ಹಿಡಿಸಿದುದು ಆಚಾರ್ಯರು ಅಲ್ಲಿ ಏನನ್ನು ಹೇಳಲಿಲ್ಲ ಎಂಬುದು. ದುಃಖನಾಶ ಎಂದು ಅವರು ಹೇಳಲಿಲ್ಲ. ಸಹಿಷ್ಣುತೆ ಎಂದರು. ಬೆಟ್ಟವೇರಿದರೆ ದುಃಖವು ಹಾರಿಹೋಗುತ್ತದೆಂದು ಯಾರಾದರೂ ಹೇಳಿದರೆ ನಾನು ನಂಬೆನು. ಗಡಾಯಿಕಲ್ಲಿನ ತುದಿಯಲ್ಲಿಯೂ ಅವಳಿಲ್ಲ, ಬುಡದಲ್ಲಿಯೂ ಇಲ್ಲ. ಆದರೆ ಹೊರುವ ಭುಜಕ್ಕೆ ಬಲ ಬಂದಿದೆ. ವೈದ್ಯರು ಈಚೆಗೆ ಪರೀಕ್ಷೆಮಾಡಿ ಸಕ್ಕರೆಯಂಶ ಇಳಿದಿದೆಯೆಂದು ಸಂತೋಷಪಟ್ಟರು. ಗುಳಿಗೆಗಳನ್ನು ಮಾತ್ರ ನಿಲ್ಲಿಸಗೊಡಲಿಲ್ಲ. ಓದುಗರೂ ನಿಲ್ಲಿಸಬಾರದು.

ಬೆಟ್ಟವನ್ನು ಆರೋಗ್ಯಕ್ಕಾಗಿ ಅರಸಿಕೊಂಡು ಹೋಗುವುದು ಹೊಸ ಮಾತಲ್ಲ. ಕಂಪೆನಿಯವರ ಆಳಿಕೆ ಮುಗಿದ ಮೇಲಣ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಆಂಗ್ಲ ಅಧಿಕಾರಿಗಳು ಮಂಗಳೂರಿನ ಸೆಕೆಯನ್ನು ತಾಳಲಾರದೆ ಕುದುರೆಮುಖದ ಮೇಲೆ ಬಂಗಲೆಯಿಟ್ಟುಕೊಂಡು ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಆದರೆ ತಂಪುಗಾಳಿಯನ್ನು ಸೇವಿಸುವುದು ಬೇರೆ, ಕಾಲಿನಿಂದ ಏರುವುದು ಬೇರೆ. ಏರುವುದರ ಗುಣವನ್ನು ತೋರಿಸಿಕೊಟ್ಟುದು ಬೆಟ್ಟವಲ್ಲ, ಲಂಡನ್ ನಗರದ ಬಸ್ಸು. ಜೆರಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ೧೯೫೩ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. ಅಲ್ಲಿನ ಎರಡು ಮಾಳಿಗೆಯ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಟಿಕೇಟು ಕೊಡುತ್ತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆಯೆಂದು ಅವರು ಕಂಡರು. ಬಸ್ಸು ಒಂದೇ, ಸಂಬಳಕೊಡುವವರೂ ಅವರೇ, ವ್ಯತ್ಯಾಸವಿದ್ದುದು ಮೆಟ್ಟಿಲಿನಲ್ಲಿ. ಜಪಾನಿನವರು ೧೯೮೨ರಿಂದ ಶಿನ್‌ರಿನ್-ಯೋಕು, ಎಂದರೆ ವನಸ್ನಾನ, ಎಂಬ ಹೆಸರಿನಿಂದ ಕಾಡಿನಲ್ಲಿ ಅಡ್ಡಾಡುವುದನ್ನೇ ಪ್ರಚಾರಮಾಡಿದ್ದಾರೆ. ನಮ್ಮ ತಾಲೂಕಿನಲ್ಲಿಯೇ ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿಚಿಕಿತ್ಸೆ ನಡೆಯುತ್ತಿದೆ. ಉಜಿರೆಯಲ್ಲಿ ೧೯೮೯ರಲ್ಲಿ ಆ ಶಾಸ್ತ್ರಕ್ಕೆ ಒಂದು ಕಾಲೇಜನ್ನೂ ತೆರೆದರು.

ಇಳಿಯುವುದರ ವಿಷಯವಾಗಿ ಒಂದು ಮಾತು. ಏರುವುದೇ ಕಷ್ಟ, ಇಳಿಯುವುದು ಸುಲಭವೆಂದು ಎಣಿಸುವವರು ಹೆಚ್ಚು. ಉಸಿರಿಗೆ ಹಾಗೆಯೇ, ಮೊಣಕಾಲಿಗೆ ಹಾಗಲ್ಲ. ಇಳಿಯುವಾಗ ತೊಡೆಯ ಸ್ನಾಯುವು ನಮ್ಮ ಇಡೀ ಭಾರವನ್ನು ತಡೆಹಿಡಿದುಕೊಂಡೇ ಬಿಟ್ಟುಕೊಡಬೇಕಾಗುತ್ತದೆ. ಮರುದಿನ ನೋಯುವುದು ಆ ಸ್ನಾಯುವೇ. ಒಂದು ಗಟ್ಟಿಯಾದ ಊರುಗೋಲು ಬೇಕು. ಸಣ್ಣ ಹೆಜ್ಜೆ ಹಾಕಬೇಕು, ಕಡಿದಾದಲ್ಲಿ ಅಡ್ಡಡ್ಡವಾಗಿ ಕಾಲಿಡಬೇಕು. ಮನೆಯಲ್ಲಿ ಹೆಂಗಸರಿಗೆ ಹೇಳುವುದೇನೆಂದರೆ, ಜೊತೆಗೆ ಕಟ್ಟಿಕೊಡಲು ಬಿಸಿಬಿಸಿ ಪಲಾವು ಬೇಡ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಪುನರ್ಪುಳಿಯ ಪಾನಕಕ್ಕೆ ಚಿಟಿಕೆ ಉಪ್ಪು ಸಾಕು. ಹೆಂಗಸರೂ ಕಟ್ಟಿಕೊಡುವುದರಲ್ಲಿಯೇ ನಿಲ್ಲದೆ ಹೊರಡಬಹುದು. ನಮ್ಮ ಕೊಟ್ಟಿಗೆ, ಬಾವಿ, ತೋಟಗಳ ನಡುವೆ ಅವರು ದಿನಕ್ಕೆ ನಡೆಯುವಷ್ಟು ಗಂಡಸರು ನಡೆಯುವುದಿಲ್ಲ. ಮೊದಲ ಸಲದವರು ಗಡಾಯಿಕಲ್ಲಿಗೆ ಹೋಗದೆ ಕಾರಿಂಜದ ಮೆಟ್ಟಿಲುಗಳಲ್ಲಿ ಕಾಲನ್ನು ಪರೀಕ್ಷಿಸಿಕೊಳ್ಳಲಿ. ಅಲ್ಲಿ ಕೈಯಲ್ಲಿರುವುದನ್ನು ಕೋತಿಗಳಿಂದ ಕಾಪಾಡಿಕೊಳ್ಳಬೇಕು. ಎದೆನೋವು, ರಕ್ತದ ಒತ್ತಡವಿದ್ದವರು ವೈದ್ಯರನ್ನು ಕೇಳದೆ ಯಾವ ಬೆಟ್ಟವನ್ನೂ ಏರಬಾರದು.

ಈಚೆಗೆ ಬೆಟ್ಟವೇರುವುದು ಒಂದು ದೊಡ್ಡ ಗೀಳಾಗಿದೆಯೆಂಬುದನ್ನೂ ಹೇಳದೆ ಬಿಡಲಾರೆನು. ೨೦೨೪ರ ಗಣರಾಜ್ಯೋತ್ಸವದ ರಜೆಯಲ್ಲಿ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ಸಂತೆಯಂತೆ ಜನ ನುಗ್ಗಿದರು. ಸರಕಾರವು ಕೆಲವು ಕಾಲ ಇಂತಹ ಏರಾಟಗಳನ್ನೇ ನಿಲ್ಲಿಸಿ, ಆಮೇಲೆ ಮುಂಗಡವಾಗಿ ಹೆಸರು ನೋಂದಿಸಬೇಕೆಂಬ ಕಟ್ಟಳೆಯನ್ನು ತಂದಿತು. ಒಳ್ಳೆಯದಾಯಿತು. ಹಾಡಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಬರುವವರು, ಕುರುಕಲಿನ ಚೀಟಿಗಳನ್ನು ಕೆರೆಗೆ ಎಸೆಯುವವರು ಮನೆಯಲ್ಲಿಯೇ ಇದ್ದರೆ ಅವರಿಗೂ ಆರೋಗ್ಯ, ಬೆಟ್ಟಕ್ಕೂ ಆರೋಗ್ಯ. ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ಅಗೆಯುವುದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ೨೦೦೫ರ ಕೊನೆಯಲ್ಲಿ ನಿಂತಿತು. ಯಂತ್ರಗಳಿಂದ ಉಳಿದ ಬೆಟ್ಟವು ವಿನೋದಯಾತ್ರಿಕರಿಂದ ಕೆಡಬಾರದಷ್ಟೆ. ಕಾಡನ್ನು ಕೆಡಿಸದೆ ತಲೆತಲಾಂತರದಿಂದ ಅದರೊಳಗೆ ಬಾಳಿದ ಮಲೆಕುಡಿಯರು ರಸ್ತ, ವಿದ್ಯುತ್ತುಗಳಿಗಾಗಿ ಬಹುಕಾಲ ಹೆಣಗಬೇಕಾಯಿತು. ಒಂದು ದಿನಕ್ಕೆಂದು ಬರುವವರಿಗೆ ಮಾತ್ರ ಎಲ್ಲ ಬಾಗಿಲೂ ತೆರೆದಿರಬೇಕೆಂಬ ಹಟ. ಇದು ನನ್ನ ಶಿಷ್ಯನ ಮಾತು. ನನಗೂ ಸರಿಯೆಂದೇ ತೋರಿತು.

ಕಳೆದ ಪುಷ್ಯಮಾಸದಲ್ಲಿ ಬೆಂಗಳೂರಿನಲ್ಲಿರುವ ಮಗಳು ರಜೆಗೆ ಬಂದಿದ್ದಳು. ಅಪ್ಪನನ್ನು ತನ್ನ ಜೊತೆಗೆ ಕರೆದುಕೊಂಡು ಹೋಗಬೇಕೆಂಬುದು ಅವಳ ಮನಸ್ಸು. ಅದರ ಚರ್ಚೆಯನ್ನು ಮೆಟ್ಟಿಲುಗಳ ಮೇಲೆ ಮಾಡೋಣವೆಂದು ನಾನು ಹೇಳಿದೆನು. ಏಳುನೂರನೆಯ ಮೆಟ್ಟಿಲಿನ ಹೊತ್ತಿಗೆ ಅವಳ ಮಾತು ನಿಂತಿತು. ಆದುದರಿಂದ ನಾವೂ ನಿಂತೆವು. ತುದಿಯನ್ನು ಸೇರಿದಾಗ ಒಂಬತ್ತು ಗಂಟೆ. ಪೂರ್ವಕ್ಕೆ ಘಟ್ಟದ ನೀಲಿ ಸಾಲು, ಪಶ್ಚಿಮಕ್ಕೆ ತೆಂಗು ಕಂಗುಗಳ ಹಸುರು. ನಮ್ಮ ಮನೆ ಯಾವುದೆಂದು ಅವಳು ಕೇಳಿದಳು. ತೋರಿಸಿದೆನು. ಅವಳ ತಾಯಿ ಹಿತ್ತಲಲ್ಲಿ ನಿಂತು ಈ ಬಂಡೆಯನ್ನು ದಿನವೂ ನೋಡುತ್ತಿದ್ದಳು. ಏರಬೇಕೆಂದು ಎಂದೂ ಹೇಳಿದವಳಲ್ಲ. ಅವಳಿಗೆ ಇದು ಹವೆಯನ್ನು ತಿಳಿಸುವ ಪಂಚಾಂಗ. ಕಲ್ಲಿಗೆ ಮೋಡ ಮುಸುಕಿತೆಂದರೆ ಅಂಗಳದ ಅಡಕೆಯನ್ನು ಒಳಗೆ ಹಾಕಿಸುವಳು. ಅವಳು ಹೋದ ಮೇಲೆ ಎರಡು ವರ್ಷ ನಾನು ಅಡಕೆಯನ್ನು ಹಸಿಯಾಗಿಯೇ ಮಾರಿಬಿಟ್ಟಿದ್ದೆನು.

"ಅಪ್ಪಾ, ಅಂಗಳದಲ್ಲಿ ಕೆಂಪಗೆ ಕಾಣುವುದೇನು?" ಎಂದು ಮಗಳು ಕೇಳಿದಳು.

"ಅಡಕೆ. ಈ ವರ್ಷ ಒಣಗಲು ಹಾಕಿಸಿದ್ದೇನೆ" ಎಂದೆನು. ಅವಳು ಬಹಳ ಹೊತ್ತು ಆ ಕಡೆಗೇ ನೋಡುತ್ತಿದ್ದಳು. ಬೆಂಗಳೂರಿನ ಮಾತು ಮತ್ತೆ ಬರಲಿಲ್ಲ.

ಬರುವ ಮಾಘದಲ್ಲಿ ಬಲ್ಲಾಳರಾಯನ ದುರ್ಗಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಘಟ್ಟದ ಮೇಲೆ ಸುಂಕಸಾಲೆಯ ಕಡೆಯಿಂದ ಏರಿದರೆ ಹುಲ್ಲುಗಾವಲಿನ ಮೇಲೆ ಹಳೆಯ ಕೋಟೆ ಸಿಗುವುದು; ಅಲ್ಲಿಂದ ಮುಂದೆ ಬಂಡಾಜೆಯ ಅರ್ಬಿ ನಮ್ಮ ತಾಲೂಕಿನ ಕಡೆಗೆ ಧುಮುಕುವ ಅಂಚನ್ನು ನೋಡಬಹುದಂತೆ. ಮಗಳೂ ಬರುತ್ತಾಳೆ, ಅಂಚೆಯಣ್ಣನೂ ಬರುತ್ತಾನೆ. ಮೇಲೆ ಗಾಳಿ ಬಲವಾಗಿರುವುದರಿಂದ ಕಂಬಳಿ ಬೇಕು, ಹುಲ್ಲಿನಲ್ಲಿ ಜಾರುವ ನನ್ನ ಹಳೆಯ ಪಾದರಕ್ಷೆಗಳು ಬೇಡ ಎಂದು ಶಿಷ್ಯನು ಹೇಳಿ ಕಳುಹಿಸಿದ್ದಾನೆ.